ಅಪ್‌ಡೇಟ್: ಮಂಡಿನೋವಿನ ಅಮ್ಮನೊಂದಿಗೆ ಕೊಕೊಕೇ ದ್ವೀಪಕ್ಕೆ ಹೋಗಿ ಬಂದೆವು

ಮಂಡಿನೋವಿರುವ ಅಮ್ಮನನ್ನೂ ಮಕ್ಕಳನ್ನೂ ಬಹಾಮಾಸ್‌ನ ಕೊಕೊಕೇಗೆ, ಅಂದರೆ ರಾಯಲ್ ಕೆರಿಬಿಯನ್ ಹಡಗು ಸಂಸ್ಥೆಯ ಖಾಸಗಿ ದ್ವೀಪಕ್ಕೆ, ಕರೆದೊಯ್ಯಬಹುದೇ ಎಂದು ಕೇಳಿದ್ದೆ. ಫ್ಲೋರಿಡಾದ ತಮ್ಮನ ಮನೆಯಿಂದ ಹೊರಟು ನೋಡಿ ಬಂದೆವು. ಮಡಿಕೇರಿಗೆ ಮರಳಿದ ಮೇಲೆ ಬರೆಯುತ್ತಿದ್ದೇನೆ.

ಧೈರ್ಯವಾಗಿ ಹೋಗಿ. ಹಡಗು ನೇರವಾಗಿ ಕಟ್ಟೆಗೇ ಬಂದು ನಿಲ್ಲುತ್ತದೆ, ಅಲೆಯ ನಡುವೆ ಸಣ್ಣ ದೋಣಿಗೆ ಇಳಿಯುವ ಪಡಿಪಾಟಲಿಲ್ಲ. ಕಟ್ಟೆ ಉದ್ದವಿದೆ, ಜಡಿಮಳೆಯಲ್ಲಿ ಬೆಳೆದ ನಮಗೆ ಆ ಬಿಸಿಲು ಜಾಸ್ತಿಯೇ. ದ್ವೀಪದೊಳಗೆ ಓಡಾಡಲು ಉಚಿತ ಟ್ರಾಮ್ ಇದೆ.

ಅಮ್ಮ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಪಾದ ಮುಳುಗುವಷ್ಟು ನೀರಿನಲ್ಲಿ ನಿಂತರು. ತಿಳಿನೀರಿನಲ್ಲಿ ಕಾಲುಂಗುರ ಸ್ಪಷ್ಟವಾಗಿ ಕಾಣುತ್ತಿತ್ತು, ಬೆರಳೆಣಿಕೆಯ ಮರಿಮೀನುಗಳು ಅದರ ಸುತ್ತಲೇ ಸುಳಿದಾಡಿದವು. "ಇನ್ನೂ ಸ್ವಲ್ಪ ಹೊತ್ತು ಇರೋಣ" ಎಂದು ಊಟಕ್ಕೂ ಬರಲೊಪ್ಪಲಿಲ್ಲ. ಅವರನ್ನು ಅಷ್ಟು ಹಗುರಾಗಿ ನೋಡಿ ಬಹಳ ದಿನವಾಗಿತ್ತು.

ಊಟ, ಈಜುಕೊಳ ಟಿಕೆಟ್‌ನಲ್ಲೇ ಸೇರಿವೆ. 135 ಅಡಿ ಎತ್ತರದ ಜಾರುಬಂಡೆಯಿರುವ ವಾಟರ್ ಪಾರ್ಕ್‌ಗೆ ಮಾತ್ರ ಪ್ರತ್ಯೇಕ ಶುಲ್ಕ. ಮಕ್ಕಳು ಚಿಕ್ಕವರಾದರೆ ಅದು ಬೇಡವೇ ಬೇಡ, ಕಡಲೇ ಸಾಕು.

ವೀಸಾ ಕೇಳಿದ್ದವರಿಗೆ: ಬಹಾಮಾಸ್ ಬೇರೆ ದೇಶ. ಹಿಂದಿರುಗುವಾಗ ಅಮೆರಿಕಕ್ಕೆ ಮತ್ತೆ ಪ್ರವೇಶಿಸಬೇಕು, ಆದ್ದರಿಂದ ಬಹುಪ್ರವೇಶದ ವೀಸಾ ಇದೆಯೇ ಎಂದು ಮೊದಲೇ ನೋಡಿಕೊಳ್ಳಿ.