ಆಷಾಢದ ಮಳೆಯಲ್ಲಿ ಒಪೆರಾ: ಯಾವ ಹೊತ್ತಿಗೆ, ಹೇಗೆ ಕೇಳುವುದು?

ಕೊಪ್ಪದ ಕೇಳುಗ:
ಮೇ ಕೊನೆಯ ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದವು, ರಾಮನವಮಿ ಕಚೇರಿಗಳೂ ಮುಗಿದವು. ಅಲ್ಲೊಂದು ಇಲ್ಲೊಂದು ತಾಳಮದ್ದಳೆ ಬಿಟ್ಟರೆ ದೀಪಾವಳಿವರೆಗೆ ಈ ಕಡೆ ಏನೂ ಇಲ್ಲ. ಈ ಮಳೆಗಾಲದಲ್ಲಿ ಒಪೆರಾ, ಅಂದರೆ ಯುರೋಪಿನ ಹಾಡುನಾಟಕ, ಕೂತು ಕೇಳಬೇಕೆಂದಿದೆ. ಕರ್ನಾಟಕ ಸಂಗೀತ ಕೇಳಿ ಅಭ್ಯಾಸವಿದೆ, ಒಪೆರಾ ಪೂರಾ ಹೊಸತು. ಯುರೋಪಿನಲ್ಲೂ ಈಗ ಬೇಸಿಗೆ ರಜೆಯಂತೆ, ಹಾಗಾದರೆ ನೇರ ಪ್ರಸಾರ ಏನಾದರೂ ಸಿಗುತ್ತದಾ? ಇನ್ನು ಶೀಟಿನ ಮಾಡು. ಮಳೆ ಹೊಡೆಯುವಾಗ ಮೆಲ್ಲಗಿನ ಭಾಗ ಕೇಳಿಸುವುದೇ ಇಲ್ಲ, ವಾಲ್ಯೂಮ್ ಏರಿಸಿದರೆ ಮರುನಿಮಿಷಕ್ಕೆ ಕಿವಿ ಹರಿಯುವ ಹಾಗೆ ಬರುತ್ತದೆ. ಕರೆಂಟಿನ ಕಥೆಯಂತೂ ಗೊತ್ತೇ ಇದೆ. ಎಲ್ಲಿಂದ ಶುರು ಮಾಡಲಿ?

ಗಿರಿಶ್ರೇಣಿ:
ರಜೆ ಇರುವುದು ಊರೊಳಗಿನ ದೊಡ್ಡ ರಂಗಮಂದಿರಗಳಿಗೆ. ವಿಯೆನ್ನಾ ಸ್ಟೇಟ್ ಒಪೆರಾ ಜುಲೈ, ಆಗಸ್ಟ್ ಎರಡೂ ತಿಂಗಳು ಬಾಗಿಲು ಹಾಕುತ್ತದೆ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮತ್ತೆ ತೆರೆಯುವುದು ಸೆಪ್ಟೆಂಬರ್ ಕೊನೆಗೆ. ಆದರೆ ಉತ್ಸವಗಳು ನಡೆಯುವುದೇ ಈ ಹೊತ್ತಿನಲ್ಲಿ. ಇಂಗ್ಲೆಂಡಿನ ಗ್ಲೈಂಡ್‌ಬೋರ್ನ್ ಮೇ ತಿಂಗಳಿಂದ, ಇಟಲಿಯ ವೆರೋನಾದ ಬಯಲು ರಂಗ ಜೂನ್‌ನಿಂದ, ಲಂಡನ್ನಿನ ಪ್ರಾಮ್ಸ್ ಜುಲೈ ಮಧ್ಯದಿಂದ, ಆಸ್ಟ್ರಿಯಾದ ಸಾಲ್ಜ್‌ಬರ್ಗ್ ಮತ್ತು ಜರ್ಮನಿಯ ಬೈರಾಯ್ಟ್ ಜುಲೈ ಕೊನೆಯಿಂದ. ನಮ್ಮ ಆಷಾಢ-ಶ್ರಾವಣಕ್ಕೆ ಸರಿಯಾಗಿ ಕೂರುತ್ತವೆ.

ಸಮಯದ ಲೆಕ್ಕದಲ್ಲಿ ಎಡವುವವರು ಬಹಳ. ಅವರ ಬೇಸಿಗೆಯಲ್ಲಿ ಜರ್ಮನಿ, ಆಸ್ಟ್ರಿಯಾ, ಇಟಲಿಗೆ ಮೂರೂವರೆ ಗಂಟೆ ಸೇರಿಸಿ, ಬ್ರಿಟನ್ನಿಗೆ ನಾಲ್ಕೂವರೆ. ಚಳಿಗಾಲದ ಲೆಕ್ಕ ಹಾಕಿದರೆ ಒಂದು ಗಂಟೆ ತಡವಾಗಿ ಹೋಗಿ ಕೂರುತ್ತೀರಿ. ಪ್ರಾಮ್ಸ್ ಕಚೇರಿ ಸಂಜೆ ಏಳೂವರೆಗೆ ಇದ್ದರೆ ನಮಗೆ ನಡುರಾತ್ರಿ. ವೆರೋನಾ ಕತ್ತಲಾದ ಮೇಲೆ ಶುರುವಾಗುವುದರಿಂದ ಇನ್ನೂ ತಡ.

ಮಲೆನಾಡಿನವರಿಗೆ ಹೇಳಿ ಮಾಡಿಸಿದ್ದು ಬೈರಾಯ್ಟ್. 1876ರಲ್ಲಿ ಜರ್ಮನ್ ಸಂಗೀತಕಾರ ವಾಗ್ನರ್ ತನ್ನ ಕೃತಿಗಳಿಗೆಂದೇ ಶುರು ಮಾಡಿದ ಉತ್ಸವ. ಹೆಚ್ಚಿನ ಪ್ರದರ್ಶನ ಅಲ್ಲಿನ ಸಂಜೆ ನಾಲ್ಕಕ್ಕೆ, ಅಂದರೆ ಇಲ್ಲಿ ರಾತ್ರಿ ಏಳೂವರೆಗೆ. ಅಂಕಗಳ ನಡುವೆ ಒಂದೊಂದು ಗಂಟೆಯ ವಿರಾಮ. ಮೊದಲ ಅಂಕ ಮುಗಿಯುವಾಗ ಒಂಬತ್ತರ ಆಸುಪಾಸು. ಆರಾಮವಾಗಿ ಊಟ ಮುಗಿಸಿ ಬಂದು ಕೂರಬಹುದು. ಪ್ರೀಮಿಯರ್‌ಗಳನ್ನು ಬವೇರಿಯಾದ ಬಿಆರ್ ಕ್ಲಾಸಿಕ್ ರೇಡಿಯೋ ನೇರವಾಗಿ ಕೊಡುತ್ತದೆ. ದೃಶ್ಯವೂ ಬೇಕೆಂದರೆ ಒಪೆರಾವಿಷನ್ ತಾಣವಿದೆ, ಉಚಿತ, ಇಂಗ್ಲಿಷ್ ಅಡಿಬರಹ ಇರುತ್ತದೆ.

ಮೂಡಿಗೆರೆ ಮಳೆಹಾಡು:
ಶೀಟಿನ ಸದ್ದಿನ ವಿಚಾರ. ಒಪೆರಾದ ಧ್ವನಿಮುದ್ರಣದಲ್ಲಿ ಅತಿ ಮೆಲುದನಿಗೂ ಪೂರ್ಣ ಆರ್ಕೆಸ್ಟ್ರಾಕ್ಕೂ ಅಂತರ ಬಹಳ ದೊಡ್ಡದು. ಸಿನಿಮಾ ಹಾಡಿನಲ್ಲಿ ಆ ಅಂತರವನ್ನು ಮೊದಲೇ ಕುಗ್ಗಿಸಿರುತ್ತಾರೆ, ಅದಕ್ಕೇ ಅದು ಮಳೆಯಲ್ಲೂ ಕೇಳಿಸುತ್ತದೆ. ಒಂದು ಉದಾಹರಣೆ ನೋಡಿ. ವಾಗ್ನರನ 'ದಾಸ್ ರೈನ್‌ಗೋಲ್ಡ್' ಶುರುವಾಗುವುದು ಡಬಲ್ ಬಾಸ್ ಎಂಬ ದೊಡ್ಡ ತಂತಿವಾದ್ಯಗಳು ಹಿಡಿದ ಒಂದೇ ಸ್ವರದಿಂದ, ಕೆಳಗಿನ ಇ ಫ್ಲ್ಯಾಟ್, ಸುಮಾರು 39 ಹರ್ಟ್ಸ್. ಅದರ ಮೇಲೆ ಬಸೂನ್, ಆಮೇಲೆ ಒಂದರ ಹಿಂದೆ ಒಂದಾಗಿ ಎಂಟು ಹಾರ್ನ್‌ಗಳು, ಆಮೇಲೆ ಅಲೆಅಲೆಯಾಗಿ ತಂತಿವಾದ್ಯಗಳು. 136 ಬಾರ್ (ನಮ್ಮ ತಾಳದ ಆವರ್ತದಂಥ ಅಳತೆ), ನಾಲ್ಕು ನಿಮಿಷಕ್ಕೂ ಮೇಲೆ, ಆಧಾರ ಅದೊಂದೇ. ಫೋನಿನ ಸ್ಪೀಕರಿಗೆ ಆ ಸ್ವರ ಹೊರಡಿಸುವ ತಾಕತ್ತೇ ಇಲ್ಲ. ಮಾಡಿನ ಮೇಲೆ ಮಳೆಯೂ ಇದ್ದರೆ ಪ್ಲೇ ಆಗುತ್ತಿಲ್ಲ ಎಂದುಕೊಂಡು ವಾಲ್ಯೂಮ್ ಪೂರ್ತಿ ಏರಿಸುತ್ತೀರಿ, ಅಷ್ಟರಲ್ಲಿ ಆರ್ಕೆಸ್ಟ್ರಾ ಉಕ್ಕಿ ಬಂದು ಅಪ್ಪಳಿಸುತ್ತದೆ. ತಂಬೂರಿ ಶ್ರುತಿಯಲ್ಲಿ ಕಿವಿ ಊರಿದವರಿಗೆ ಈ ನಾಲ್ಕು ನಿಮಿಷ ಬೇರೆ ಯಾರಿಗಿಂತಲೂ ಚೆನ್ನಾಗಿ ದಕ್ಕುತ್ತದೆ. ಅದನ್ನು ಕಳೆದುಕೊಳ್ಳಬೇಡಿ.

ಹೆಡ್‌ಫೋನ್ ತೆಗೆದುಕೊಳ್ಳುವುದಾದರೆ ಕಿವಿ ಪೂರ್ತಿ ಮುಚ್ಚುವ, ಹಿಂಬದಿ ಮುಚ್ಚಿದ ಮಾದರಿ. ಹಿಂಬದಿ ತೆರೆದದ್ದು ಎಷ್ಟೇ ಒಳ್ಳೆಯದಿರಲಿ, ಮಳೆಯನ್ನೂ ಒಳಗೆ ಬಿಡುತ್ತದೆ. ಸದ್ದು ಕಡಿಮೆ ಮಾಡುವ ಎಎನ್‌ಸಿ ಜನರೇಟರಿನ ಗುಂಯ್ ಶಬ್ದವನ್ನು ಚೆನ್ನಾಗಿ ತಿನ್ನುತ್ತದೆ, ಶೀಟಿನ ಮೇಲಿನ ಚಟಪಟ ಅದಕ್ಕೆ ಅಷ್ಟಾಗಿ ಬಗ್ಗುವುದಿಲ್ಲ. ಅದನ್ನು ತಡೆಯುವುದು ಗಟ್ಟಿಯಾಗಿ ಕೂರುವ ಪ್ಯಾಡ್ ಅಥವಾ ಫೋಮ್ ತುದಿಯ ಇಯರ್‌ಫೋನ್. ಬಾಸ್ ಬೂಸ್ಟ್ ಮುಟ್ಟಬೇಡಿ. ಮೈಕ್ ಇಲ್ಲದೆ ಹಾಡುವ ಒಪೆರಾ ಗಾಯಕರ ದನಿ ಆರ್ಕೆಸ್ಟ್ರಾ ಸೀಳಿಕೊಂಡು ಬರುವುದು 3,000 ಹರ್ಟ್ಸ್ ಆಸುಪಾಸಿನ ಬಲದಿಂದ, ಬಾಸ್ ಉಬ್ಬಿದರೆ ಅದು ಮಂಕಾಗುತ್ತದೆ. ಜಡಿಮಳೆಯ ದಿನ ಪ್ಲೇಯರಿನ 'ನೈಟ್ ಮೋಡ್' ಹಾಕಿ, ಅದು ಏರಿಳಿತ ಕುಗ್ಗಿಸುತ್ತದೆ. ಶುದ್ಧಿವಾದಿಗಳು ಬೈದರೂ ಏನೂ ಕೇಳಿಸದೇ ಇರುವುದಕ್ಕಿಂತ ಮೇಲು. ಮಳೆ ನಿಂತ ರಾತ್ರಿ ಮರೆಯದೆ ತೆಗೆಯಿರಿ.

ಹೆಡ್‌ಫೋನ್ ಪ್ಯಾಡಿಗೆ ಈ ತಿಂಗಳುಗಳಲ್ಲಿ ಬೂಷ್ಟು ಹಿಡಿಯುತ್ತದೆ. ಬಳಸಿದ ಮೇಲೆ ಒಣಬಟ್ಟೆಯಲ್ಲಿ ಒರೆಸಿ, ಸಿಲಿಕಾ ಜೆಲ್ ಹಾಕಿದ ಬಿಗಿಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿಡಿ. ಕಿತ್ತಳೆ ಬಣ್ಣದ ಹರಳು ಹಸಿರಾದರೆ ತೇವ ತುಂಬಿದೆ ಎಂದರ್ಥ. 110-120 ಡಿಗ್ರಿ ಒವನ್ನಿನಲ್ಲಿ ಒಂದೆರಡು ಗಂಟೆ ಇಟ್ಟರೆ ಮತ್ತೆ ಕಿತ್ತಳೆಗೆ ತಿರುಗುತ್ತದೆ.

ಹೇಮಾವತಿ ದಂಡೆ, ಹಾಸನ:
ವಾಗ್ನರ್ ಎರಡನೇ ತಿಂಗಳಿಗೆ ಇರಲಿ. ಮೊದಲು ಇಟಲಿಯ ಸಂಗೀತಕಾರ ಪುಚ್ಚೀನಿಯ 'ಜಾನ್ನಿ ಸ್ಕೀಕ್ಕಿ' ಕೇಳಿ. 1918ರದ್ದು, ಒಂದೇ ಅಂಕ, ಒಂದು ಗಂಟೆಯೊಳಗೆ ಮುಗಿಯುತ್ತದೆ. ಸತ್ತ ಶ್ರೀಮಂತ ಆಸ್ತಿಯನ್ನೆಲ್ಲ ಮಠಕ್ಕೆ ಬರೆದಿದ್ದಾನೆ. ಬಂಧುಗಳು ಕರೆಸಿದ ಸ್ಕೀಕ್ಕಿ ಸತ್ತವನ ಹಾಸಿಗೆಯಲ್ಲಿ ಮಲಗಿ, ಅವನ ದನಿಯಲ್ಲೇ ಹೊಸ ಉಯಿಲು ಬರೆಸುತ್ತಾನೆ, ಒಳ್ಳೊಳ್ಳೆಯದನ್ನೆಲ್ಲ ತನ್ನ ಹೆಸರಿಗೇ! ಪಾಲುಪಟ್ಟಿ ಜಗಳ ಕಂಡ ಯಾವ ಊರಿನವರಿಗೂ ವಿವರಿಸಬೇಕಿಲ್ಲ.

ಹತ್ತು ನಿಮಿಷ ಕಥೆ ಓದಿ. ಅಡಿಬರಹದ ಜೊತೆ ಒಮ್ಮೆ ಪೂರ್ತಿ ನೋಡಿ. ಎರಡು ದಿನ ಬಿಟ್ಟು ಕಣ್ಣುಮುಚ್ಚಿ ಬರೀ ಕೇಳಿ. ಮೂರನೆಯದೇ ನಿಜವಾದ ಕೇಳ್ಮೆ, ಅದನ್ನು ಬಿಟ್ಟವರೇ ಒಪೆರಾ ಅಂದರೆ ಕಿರುಚಾಟ ಅನ್ನುವುದು. ಮಗಳು ಲೌರೆಟ್ಟಾ ಅಪ್ಪನನ್ನು ಬೇಡುವ ಪುಟ್ಟ ಹಾಡು ಬರುತ್ತದೆ, ಎರಡೂವರೆ ನಿಮಿಷ. ಅಷ್ಟನ್ನೇ ಮೂರು ಬೇರೆ ಗಾಯಕಿಯರಲ್ಲಿ ಹೋಲಿಸಿ ನೋಡಿ.

ನಮ್ಮ ಕಿವಿಗೆ ಮೊದಲು ಚುಚ್ಚುವುದು ವೈಬ್ರಾಟೊ. ಅದನ್ನು ಗಮಕವೆಂದು ಕೇಳಬೇಡಿ. ಗಮಕ ಸ್ವರದಿಂದ ಸ್ವರಕ್ಕೆ ಅರ್ಥ ಹೊತ್ತು ಹೋಗುತ್ತದೆ. ಇದು ಒಂದೇ ಸ್ವರದ ಸುತ್ತ ಸೆಕೆಂಡಿಗೆ ಐದಾರು ಸಲದ ಅಲುಗು, ದನಿಯ ಬಣ್ಣ ಅಷ್ಟೆ. ಇನ್ನೊಂದು, ಆಧಾರಶ್ರುತಿ ನಡುವೆ ಸ್ಥಳ ಬದಲಿಸುತ್ತದೆ. ಷಡ್ಜ ಹುಡುಕುತ್ತಾ ಕೂತರೆ ದಣಿವು. ಅದು ಜಾರುವ ಜಾಗದಲ್ಲಿ ಪಾತ್ರದ ಮನಸ್ಸೂ ತಿರುಗುತ್ತಿರುತ್ತದೆ, ಅಲ್ಲಿ ಕಿವಿಗೊಡಿ.

ಆಮೇಲೆ ಮೊಜಾರ್ಟನ 'ಫಿಗರೋ ಮದುವೆ'. ಯಕ್ಷಗಾನದಲ್ಲಿ ಪದ ಕಥೆ ಹೇಳಿ ಅರ್ಥ ಅದನ್ನು ಹಿಗ್ಗಿಸುತ್ತದಲ್ಲ, ಇಲ್ಲಿ ತಿರುವುಮುರುವು. ಮಾತಿನ ಧಾಟಿಯ ರೆಸಿಟೆಟಿವ್ ಕಥೆ ಓಡಿಸುತ್ತದೆ, ಆರಿಯಾ ನಿಂತು ಭಾವ ಬೆಳೆಸುತ್ತದೆ.

ಕೊಪ್ಪದ ಕೇಳುಗ:
ತುಂಬಾ ಉಪಕಾರವಾಯಿತು. ಕರೆಂಟು ಹೋದರೆ?

ಗಿರಿಶ್ರೇಣಿ:
ಫೈಬರ್ ಇದ್ದರೆ ರೂಟರಿಗೆ ಮಿನಿ ಯುಪಿಎಸ್ ಸಾಕು. ಮೊದಲು ರೂಟರಿನ ಅಡಾಪ್ಟರ್ ತಿರುಗಿಸಿ ಓದಿ: 12 ವೋಲ್ಟ್, 1 ಆಂಪಿಯರ್ರೋ 2 ಆಂಪಿಯರ್ರೋ. ಎರಡು ಬೇಡುವ ರೂಟರಿಗೆ ಒಂದರ ಯುಪಿಎಸ್ ಕೊಟ್ಟರೆ ಕರೆಂಟು ಹೋದ ಕೂಡಲೇ ರೀಸ್ಟಾರ್ಟ್ ಆಗುತ್ತಾ ಇರುತ್ತದೆ, ಜನ ಲೈನ್ ಕೆಟ್ಟಿದೆ ಅಂದುಕೊಳ್ಳುತ್ತಾರೆ. ಹಾಗಿದ್ದರೂ ಕೇಳಬೇಕಾದ್ದನ್ನು ಮಧ್ಯಾಹ್ನವೇ ಡೌನ್‌ಲೋಡ್ ಮಾಡಿಟ್ಟುಕೊಳ್ಳುವುದು ಕ್ಷೇಮ. 320 ಕೆಬಿಪಿಎಸ್ ಆಡಿಯೋ ಗಂಟೆಗೆ 144 ಎಂಬಿ. ಮೂರು ಗಂಟೆಯ ಒಪೆರಾ ಅರ್ಧ ಜಿಬಿಯೂ ಆಗದು. ಪ್ಲೇಯರಿನಲ್ಲಿ 'ಗ್ಯಾಪ್‌ಲೆಸ್' ಹಾಕಿ, ಇಲ್ಲದಿದ್ದರೆ ಟ್ರ್ಯಾಕು ಬದಲಾಗುವಲ್ಲೆಲ್ಲ ಆರ್ಕೆಸ್ಟ್ರಾ ತುಂಡಾಗುತ್ತದೆ.