ಪೆನ್ಸಿಲ್‌ನಿಂದ ಶುರುವಾಗಿದ್ದು

ಕಳೆದ ಭಾನುವಾರ ನಮ್ಮ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ನಡೆದದ್ದನ್ನು ಮನೆಯವರ ಒಪ್ಪಿಗೆ ಪಡೆದೇ ಇಲ್ಲಿ ಹಾಕುತ್ತಿದ್ದೇನೆ. ಹೆಸರು ಮಾತ್ರ ಬದಲಾಯಿಸಿದ್ದೇನೆ. ನಿಮ್ಮ ಮನೆ ಬೀರುವಿನಲ್ಲೂ ಇಂಥದ್ದೊಂದು ಕ್ಯಾಸೆಟ್ ಇರಬಹುದು, ಅದಕ್ಕೇ ಬರೆಯುತ್ತಿದ್ದೇನೆ.

ಬೆಳಗ್ಗೆ 7.12ಕ್ಕೆ ಸೀತತ್ತೆ ಒಂದು ಫಾರ್ವರ್ಡ್ ಹಾಕಿದರು.

"1970ರಿಂದ 1990ರೊಳಗೆ ಹುಟ್ಟಿದವರು ಮಾತ್ರ ಓದಿ!! ಪೆನ್ಸಿಲ್‌ಗೆ ಆರು ಮೂಲೆ ಯಾಕಿದೆ ಗೊತ್ತಾ? ಕ್ಯಾಸೆಟ್ ಟೇಪು ಸುತ್ತಲಿಕ್ಕೆ! ಕಂಪನಿಯವರು ಬೇಕಂತಲೇ ಹಾಗೆ ಮಾಡಿದ್ದು. ಭಾನುವಾರದ ರಾಮಾಯಣ, ಚನ್ನಪಟ್ಟಣದ ಬೊಂಬೆ, ಟೇಪ್ ರೆಕಾರ್ಡರ್... ಈಗಿನ ಮಕ್ಕಳಿಗೆ ಈ ಭಾಗ್ಯ ಇಲ್ಲ. ಒಪ್ಪಿದರೆ 10 ಜನಕ್ಕೆ ಕಳಿಸಿ."

ಐದು ನಿಮಿಷದಲ್ಲಿ ಹದಿನಾಲ್ಕು ಜನ ಕೈಮುಗಿದರು. ಅಷ್ಟರಲ್ಲಿ ದೊಡ್ಡಪ್ಪನ ಮಗ ಸುಧಿ ಬಂದ.

ಸುಧಿ: ಅತ್ತೆ, ಇದಕ್ಕೆ ಆಧಾರ ಏನು?

ಸೀತತ್ತೆ: ಆಧಾರ ಅಂದ್ರೆ? ಬಂತು, ಕಳಿಸ್ದೆ.

ಸುಧಿ: ಆರು ಮೂಲೆ ಪೆನ್ಸಿಲ್ 19ನೇ ಶತಮಾನದಲ್ಲೇ ಇತ್ತು. ಫಿಲಿಪ್ಸ್‌ನವರು ಬರ್ಲಿನ್ ರೇಡಿಯೊ ಪ್ರದರ್ಶನದಲ್ಲಿ ಕ್ಯಾಸೆಟ್ ತೋರಿಸಿದ್ದು 1963ರಲ್ಲಿ. ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿದ್ರಾ ಪೆನ್ಸಿಲ್‌ನೋರು? ಮೂಲೆ ಇರೋದು ಮೇಜಿನ ಮೇಲಿಂದ ಉರುಳದಿರಲಿ ಅಂತ, ಕೈಗೆ ಹಿಡಿತ ಸಿಗಲಿ ಅಂತ.

ಸೀತತ್ತೆ: ನಾವು ಪೆನ್ಸಿಲ್‌ನಲ್ಲಿ ಸುತ್ತಿದ್ದಂತೂ ನಿಜ ತಾನೆ?

ಸುಧಿ: ಅದು ನಿಜ. ಕ್ಯಾಸೆಟ್ ಚಕ್ರದ ಒಳಗೆ ಆರು ಹಲ್ಲಿರುತ್ತೆ, ಪೆನ್ಸಿಲ್ ಸರಿಯಾಗಿ ಸಿಕ್ಕಿಕೊಳ್ಳುತ್ತೆ. ಆದ್ರೆ ಅದಕ್ಕೋಸ್ಕರವೇ ಮಾಡಿದ್ದು ಅನ್ನೋದು ಸುಳ್ಳು.

ಮಾತು ಇಲ್ಲಿಗೆ ಮುಗಿಯಬಹುದಿತ್ತು. ಸುಧಿ ಹೇಳಿದ್ದೂ ಸರಿ, ಅತ್ತೆ ಹೇಳಿದ್ದೂ ಸರಿ. ಆದರೆ ದೊಡ್ಡಪ್ಪ ಎದ್ದಿದ್ದರು. ಅವರು ಬರೆಯುವುದು ಯಾವಾಗಲೂ ಪತ್ರದ ಭಾಷೆಯಲ್ಲಿ.

ದೊಡ್ಡಪ್ಪ: ಹಿರಿಯರು ಏನಾದರೂ ಕಳಿಸಿದಾಗ ಮೊದಲು ನಮಸ್ಕಾರ ಹೇಳುವುದನ್ನು ಕಲಿಯಬೇಕು, ತಪ್ಪು ಹುಡುಕುವುದನ್ನಲ್ಲ. ಆಗ ಮನೆಗೆಲ್ಲ ಒಂದೇ ರೇಡಿಯೊ, ಒಂದೇ ಟಿವಿ. ಹನ್ನೆರಡು ಜನ ಹೊಂದಿಕೊಂಡು ಕೇಳುತ್ತಿದ್ದೆವು. ಈಗ ಒಬ್ಬೊಬ್ಬರಿಗೆ ಒಂದೊಂದು ಪರದೆ, ಒಂದೊಂದು ಬಾಗಿಲು.

ಪಮ್ಮಿ ಅಕ್ಕ: ಬಾಗಿಲು ಅಂದ ತಕ್ಷಣ ನೆನಪಾಯ್ತು ದೊಡ್ಡಪ್ಪ! ನಮ್ಮ ಟಿವಿಗೇ ಬಾಗಿಲಿತ್ತಲ್ಲ, ಎರಡು ಕಡೆಗೂ ಸರಿಯೋ ಮರದ ಬಾಗಿಲು, ಬೀಗ ಬೇರೆ. ಪರೀಕ್ಷೆ ಬಂತು ಅಂದ್ರೆ ಬೀಗದ ಕೈ ದೊಡ್ಡಮ್ಮನ ಸೊಂಟಕ್ಕೆ.

ದೊಡ್ಡಪ್ಪ: 1982ರ ಏಷ್ಯನ್ ಕ್ರೀಡಾಕೂಟಕ್ಕೆಂದು ನಾನು ತಂದ ಟಿವಿ ಅದು.

ಸೀತತ್ತೆ: 82 ಅಲ್ಲ ಅಣ್ಣ. ಇಂದಿರಾ ಗಾಂಧಿ ಅಂತ್ಯಕ್ರಿಯೆ ನಾವು ನೋಡಿದ್ದು ಎದುರುಮನೇಲಿ ನಿಂತ್ಕೊಂಡು. ಅದು 84ರ ನವೆಂಬರ್. ನಮ್ಮಲ್ಲೇ ಟಿವಿ ಇದ್ದಿದ್ರೆ ಎದುರುಮನೆಗೆ ಯಾಕೆ ಹೋಗ್ತಿದ್ವಿ? ಮತ್ತೆ ತಂದಿದ್ದು ನೀವೊಬ್ರೇ ಅಲ್ಲ. ಅರ್ಧ ದುಡ್ಡು ನಮ್ಮ ಯಜಮಾನ್ರು ಕೊಟ್ಟಿದ್ದು.

ದೊಡ್ಡಪ್ಪ: ದುಡ್ಡಿನ ಮಾತು ಗುಂಪಿನಲ್ಲಿ ಬೇಡ.

ಸೀತತ್ತೆ: ನೀವು ತಂದ್ರಿ ಅನ್ನೋ ಮಾತು ಮಾತ್ರ ಗುಂಪಿನಲ್ಲಿ ಇರಬಹುದಾ?

ಸಿಟ್ಟು ತಣಿಸೋಣ ಅಂತ ಪಮ್ಮಿ ಅಕ್ಕ ಒಂದು ಫೋಟೊ ಹಾಕಿದಳು. ಚನ್ನಪಟ್ಟಣದ ಗಿಲಕಿ. ನಾವೆಲ್ಲ ಸರದಿಯಲ್ಲಿ ಆಡಿದ್ದು, ನಾನಂತೂ ಕಚ್ಚಿದ್ದು. ಹಾಲೆ ಮರದ್ದು, ಕೈಯಲ್ಲಿ ಹಿಡಿದರೆ ತೂಕವೇ ಗೊತ್ತಾಗದು. ಆ ಬಣ್ಣವನ್ನು ಕುಂಚದಲ್ಲಿ ಬಳಿದಿರುವುದಿಲ್ಲ. ಕಡೆತದ ಯಂತ್ರದಲ್ಲಿ ಮರ ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಉಜ್ಜಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಕೂರುತ್ತದೆ, ಆಮೇಲೆ ತಾಳೆಗರಿಯಿಂದ ಉಜ್ಜಿ ಹೊಳಪು ಬರಿಸುತ್ತಾರೆ. ಹಾಗಾಗಿಯೇ ನಮ್ಮ ಹಲ್ಲಿನ ಗುರುತು ಬಿದ್ದ ಕಡೆಯೂ ಕೆಂಪು ಇನ್ನೂ ಕೆಂಪಾಗಿಯೇ ಇದೆ. ಆ ಗುರುತು ಯಾರ ಹಲ್ಲಿನದು ಅಂತ ಸ್ವಲ್ಪ ಹೊತ್ತು ತಮಾಷೆ ನಡೆಯಿತು. ಎಲ್ಲ ಸರಿಹೋಯಿತು ಅನ್ನುವಷ್ಟರಲ್ಲಿ ದೊಡ್ಡಪ್ಪ ಬರೆದರು:

ದೊಡ್ಡಪ್ಪ: ಹಳೆಯದನ್ನು ಹೀಗೆ ಜೋಪಾನ ಮಾಡುವವರು ಕೆಲವರು. ಅಳಿಸಿ ಹಾಕುವವರು ಕೆಲವರು.

ಸೀತತ್ತೆ: ಅಣ್ಣ, ಇದು ಯಾರಿಗೆ ಹೇಳಿದ್ದು?

ಯಾರಿಗೆ ಅಂತ ಗುಂಪಿನಲ್ಲಿದ್ದ ಎಲ್ಲರಿಗೂ ಗೊತ್ತು. ಸೀತತ್ತೆಯ ಮಗ ಕಿಟ್ಟಿಗೆ.

ಹೊರಗಿನವರಿಗೆ ಇದರ ಹಿಂದಿನ ಕಥೆ ಹೇಳಬೇಕು. 1986ರಲ್ಲಿ ನಮ್ಮಪ್ಪ ಟೂ ಇನ್ ಒನ್ (ರೇಡಿಯೊ, ಟೇಪ್ ರೆಕಾರ್ಡರ್ ಎರಡೂ ಸೇರಿದ ಪೆಟ್ಟಿಗೆ) ಇಟ್ಟುಕೊಂಡು ಅಜ್ಜಿಯ ಬೀಸೋ ಕಲ್ಲಿನ ಪದಗಳನ್ನು ರೆಕಾರ್ಡ್ ಮಾಡಿದರು. ಅಜ್ಜಿ ಮೊದಲು ಒಪ್ಪಲಿಲ್ಲ. ಕಲ್ಲು ಇಲ್ಲದೆ ಪದ ಹೇಗೆ ಬರುತ್ತೆ ಅಂದರು. ಆಮೇಲೆ ಖಾಲಿ ಕಲ್ಲನ್ನೇ ತಿರುಗಿಸುತ್ತಾ ಹಾಡಿದರು. 60 ನಿಮಿಷದ ಕ್ಯಾಸೆಟ್, ಒಂದು ಬದಿಗೆ ಅರ್ಧ ಗಂಟೆ. ಒಂದೇ ಬದಿ ತುಂಬಿತು. ಹಾಡು ಮುಗಿದ ಮೇಲೆ ಅಪ್ಪ ಸ್ಕ್ರೂಡ್ರೈವರ್ ತುದಿಯಿಂದ ಕ್ಯಾಸೆಟ್ಟಿನ ಬೆನ್ನಿನ ಮೂಲೆಯಲ್ಲಿದ್ದ ಪುಟ್ಟ ಪ್ಲಾಸ್ಟಿಕ್ ಚೂರನ್ನು ಮುರಿದರು. ಟಕ್ ಅಂತ ಹಾರಿ ನನ್ನ ಕಾಲ ಹತ್ತಿರ ಬಿತ್ತು. "ಇನ್ನು ಇದರ ಮೇಲೆ ಯಾರೂ ರೆಕಾರ್ಡ್ ಮಾಡೋಕಾಗಲ್ಲ" ಅಂದರು.

1988ರಲ್ಲಿ ಅಜ್ಜಿ ಹೋದರು. ಮರುವರ್ಷ ಎಲ್ಲರೂ ಸೇರಿದ ದಿನ, ಅಮ್ಮನ ದನಿ ಕೇಳೋಣ ಅಂತ ದೊಡ್ಡಪ್ಪ ಕ್ಯಾಸೆಟ್ ಹಾಕಿದರು. ಬಂದದ್ದು ಅಜ್ಜಿಯ ಪದ ಅಲ್ಲ, ಕ್ರಿಕೆಟ್ ಕಾಮೆಂಟರಿ. 1987ರ ವಿಶ್ವಕಪ್ ಸೆಮಿಫೈನಲ್, ಗ್ರಹಾಂ ಗೂಚ್ 115 ಹೊಡೆದು ನಾವು 35 ರನ್ನಿನಿಂದ ಸೋತ ಪಂದ್ಯ. ರೇಡಿಯೊದಿಂದ ಅದನ್ನು ರೆಕಾರ್ಡ್ ಮಾಡಿದ್ದವನು ಕಿಟ್ಟಿ. 12 ವರ್ಷದ ಹುಡುಗನಿಗೆ ದೊಡ್ಡಪ್ಪ ಎಲ್ಲರ ಎದುರು ಕೆನ್ನೆಗೆ ಹೊಡೆದರು. "ನಾನು ಖಾಲಿ ಬದೀಲಿ ಮಾಡಿದ್ದು" ಅಂತ ಅವನು ಅಳುತ್ತಾ ಹೇಳಿದ್ದು ನನಗೆ ಇವತ್ತಿಗೂ ಕಿವಿಯಲ್ಲಿದೆ. ಯಾರೂ ಕೇಳಲಿಲ್ಲ. ನಾನೂ ಸುಮ್ಮನಿದ್ದೆ.

ಆಮೇಲೆ ಆ ಕ್ಯಾಸೆಟ್ಟನ್ನು ಯಾರೂ ಹಾಕಲಿಲ್ಲ. ಕಿಟ್ಟಿ ದೊಡ್ಡಪ್ಪನ ಮನೆಗೆ ಹೋಗುವುದು ಕಮ್ಮಿಯಾಯಿತು, ಆಮೇಲೆ ನಿಂತೇ ಹೋಯಿತು. ಗುಂಪಿಗೆ ಸೇರಿಸಿದ್ದೇವೆ, ಆದರೆ ಇವತ್ತಿನ ತನಕ ಒಂದಕ್ಷರ ಬರೆದವನಲ್ಲ.

ಸೀತತ್ತೆ: ಮೂವತ್ತೈದು ವರ್ಷದ ಮೇಲಾಯ್ತು. ಇನ್ನೂ ಎಷ್ಟು ಸಲ ಹೇಳ್ತೀರಿ? ನನಗೂ ಅವರು ಅಮ್ಮನೇ ಅಲ್ವಾ?

ದೊಡ್ಡಪ್ಪ: ನಾನು ಯಾರ ಹೆಸರನ್ನೂ ಹೇಳಿಲ್ಲ.

ಪಮ್ಮಿ ಅಕ್ಕ: ಬೇಡ ಬಿಡಿ ಪ್ಲೀಸ್. ಮಾಲ್ಗುಡಿ ಡೇಸ್ ಸಂಗೀತ ಯಾರಿಗೆ ನೆನಪಿದೆ? ಶಂಕರ್ ನಾಗ್ ಆಗುಂಬೆಯಲ್ಲಿ ತೆಗೆದಿದ್ದು!

ಯಾರೂ ಉತ್ತರ ಕೊಡಲಿಲ್ಲ. ನನಗೆ ಆ ಟಕ್ ಶಬ್ದ ನೆನಪಾಗಿತ್ತು. ಬರೆದೆ:

ನಾನು: ದೊಡ್ಡಪ್ಪ, ಅಪ್ಪ ಆ ಚೂರು ಮುರಿದಿದ್ದನ್ನ ನಾನೇ ನೋಡಿದ್ದೀನಿ. ಮುರಿದ ಮೇಲೆ ರೆಕಾರ್ಡ್ ಗುಂಡಿ ಕೆಳಗೇ ಹೋಗಲ್ಲ. ಹಾಗಾದ್ರೆ ಕಿಟ್ಟಿ ಹೇಗೆ ಮಾಡಿದ?

ದೊಡ್ಡಪ್ಪ: ಆ ತೂತಿಗೆ ಸೆಲೋಟೇಪ್ ಅಂಟಿಸಿದರೆ ಆಗುತ್ತದೆ. ಆ ಕಾಲದ ಎಲ್ಲ ಹುಡುಗರಿಗೂ ಗೊತ್ತಿದ್ದ ವಿದ್ಯೆ.

ಸುಧಿ: ಅಪ್ಪ, ಸೆಲೋಟೇಪ್ ನೀವು ಕಣ್ಣಾರೆ ನೋಡಿದ್ರಾ?

ದೊಡ್ಡಪ್ಪ: ಕಾಮೆಂಟರಿಯನ್ನು ಕಿವಿಯಾರೆ ಕೇಳಿದ್ದೇನೆ. ಅದು ಸಾಲದೆ?

ಸುಧಿ: ಸಾಲದು. ಕ್ಯಾಸೆಟ್ ಎಲ್ಲಿದೆ?

ಸುಧಿಯ ಈ "ಆಧಾರ ಎಲ್ಲಿ" ಅನ್ನೋ ಚಾಳಿಗೆ ನಾವೆಲ್ಲ ಎಷ್ಟೋ ಸಲ ರೇಗಿದ್ದೇವೆ. ಅವತ್ತು ಅವನು ಕೇಳಿದ್ದು ನನಗೆ ಹಿತವಾಯಿತು. ಯಾಕೆಂದರೆ ಇಷ್ಟು ವರ್ಷದಲ್ಲಿ ಆ ಕ್ಯಾಸೆಟ್ಟನ್ನು ತೆಗೆದು ನೋಡಿದವರು ನಮ್ಮಲ್ಲಿ ಒಬ್ಬರೂ ಇಲ್ಲ.

ಇಪ್ಪತ್ತು ನಿಮಿಷ ಗುಂಪು ತಣ್ಣಗಿತ್ತು. ಆಮೇಲೆ ಗುಂಪಿನಲ್ಲಿ ಯಾವತ್ತೂ ಏನೂ ಹಾಕದ ದೊಡ್ಡಮ್ಮನಿಂದ ಒಂದು ಫೋಟೊ ಬಂತು. ಬೀರುವಿನಲ್ಲಿ ಸೀರೆಯ ಮಡಿಕೆಯೊಳಗೆ ಇಟ್ಟಿದ್ದರಂತೆ. ಬೂದು ಬಣ್ಣದ ಕ್ಯಾಸೆಟ್, ಮೇಲೆ ಬಿಳಿ ಕಾಗದದ ಚೀಟಿ, ಅದರ ಮೇಲೆ ದೊಡ್ಡಪ್ಪನ ದುಂಡಗಿನ ಅಕ್ಷರದಲ್ಲಿ "ಅಮ್ಮನ ಪದಗಳು". ಅಂಟು ಕಾಗದದ ಅಂಚಿನಲ್ಲಿ ಕಂದು ಬಣ್ಣಕ್ಕೆ ತಿರುಗಿತ್ತು. ಎರಡನೇ ಫೋಟೊ ಬೆನ್ನಿನದು. ಒಂದು ಮೂಲೆಯಲ್ಲಿ ತೂತು, ಇನ್ನೊಂದು ಮೂಲೆಯಲ್ಲಿ ಚೂರು ಇದ್ದ ಹಾಗೇ ಇದೆ. ತೂತಿನ ಸುತ್ತ ಸೆಲೋಟೇಪ್ ಇಲ್ಲ, ಅಂಟಿದ್ದ ಕಲೆಯೂ ಇಲ್ಲ.

ಸುಧಿ: ಎಲ್ಲರೂ ಸರಿಯಾಗಿ ನೋಡಿ. ಟೇಪು ಕಾಣೋ ಅಂಚು ಕೆಳಗೆ ಬರೋ ಹಾಗೆ ಹಿಡಿದ್ರೆ, ನಮ್ಮ ಕಡೆ ಇರೋ ಬದಿಗೆ ಸೇರಿದ್ದು ಎಡಗಡೆ ಮೂಲೆ. ಚೀಟಿ ಅಂಟಿಸಿರೋ ಬದೀಲಿ ಎಡಗಡೆ ಚೂರು ಹಾಗೇ ಇದೆ. ಮುರಿದಿರೋದು ಬಲಗಡೆ. ಅಂದ್ರೆ ಚಿಕ್ಕಪ್ಪ ಭದ್ರ ಮಾಡಿದ್ದು ಹಿಂದಿನ ಬದಿ. ಚೀಟಿ ಬೇರೆ ಬದಿಗೆ ಅಂಟಿದೆ.

ಪಮ್ಮಿ ಅಕ್ಕ: ಅರ್ಥ ಆಗ್ಲಿಲ್ಲ ಕಣೋ.

ಸುಧಿ: ಅವತ್ತು ನಾವು ಹಾಕಿದ್ದು ಖಾಲಿ ಬದಿ ಅಕ್ಕ. ಕಿಟ್ಟಿ ರೆಕಾರ್ಡ್ ಮಾಡಿದ್ದೂ ಅದೇ ಬದಿ. ಅಜ್ಜಿ ಇರೋ ಬದೀನ ಅವತ್ತು ಯಾರೂ ತಿರುಗಿಸಿ ಹಾಕ್ಲೇ ಇಲ್ಲ.

ದೊಡ್ಡಪ್ಪ: ಟೇಪು ಒಂದೇ ಅಲ್ಲವೇ? ಆ ಕಡೆ ರೆಕಾರ್ಡ್ ಮಾಡಿದರೆ ಈ ಕಡೆಯದು ಅಳಿಸುವುದಿಲ್ಲವೇ?

ಸುಧಿ: ಇಲ್ಲಪ್ಪ. ಟೇಪಿನ ಅಗಲ ನಾಲ್ಕು ಮಿಲಿಮೀಟರಿಗೂ ಕಮ್ಮಿ. ಅದರಲ್ಲೇ ಅರ್ಧ ಅಗಲ ಒಂದು ಬದಿಗೆ, ಅರ್ಧ ಇನ್ನೊಂದಕ್ಕೆ. ಕ್ಯಾಸೆಟ್ ತಿರುಗಿಸಿದಾಗ ಇನ್ನರ್ಧ ಹೆಡ್ಡಿನ, ಅಂದ್ರೆ ಯಂತ್ರದಲ್ಲಿ ಟೇಪು ಓದೋ ಭಾಗದ, ಮುಂದೆ ಬರುತ್ತೆ. ಒಂದು ಇನ್ನೊಂದನ್ನ ಮುಟ್ಟಲ್ಲ.

ಇದಾದ ಮೇಲೆ ಯಾರೂ ಏನೂ ಬರೆಯಲಿಲ್ಲ. ನಾನು ಫೋಟೊ ದೊಡ್ಡದು ಮಾಡಿ ಮತ್ತೆ ಮತ್ತೆ ನೋಡಿದೆ. ಅಪ್ಪ ಮುರಿದ ತೂತಿನ ಅಂಚು ಸ್ವಲ್ಪ ಅಡ್ಡಾದಿಡ್ಡಿ, ಸ್ಕ್ರೂಡ್ರೈವರ್ ಜಾರಿದ ಒಂದು ಗೀರು. ಅಪ್ಪ ಹೋಗಿ ಒಂಬತ್ತು ವರ್ಷ ಆಯಿತು. ಅವರ ಕೈ ಮಾಡಿದ ಗುರುತು ಅದು.

ಹನ್ನೊಂದು ಗಂಟೆಗೆ ದೊಡ್ಡಪ್ಪ ಬರೆದರು. ಪತ್ರದ ಭಾಷೆ ಬಿಟ್ಟು ಅವರು ಬರೆದದ್ದನ್ನು ನಾನು ನೋಡಿದ್ದು ಅದೇ ಮೊದಲು.

ದೊಡ್ಡಪ್ಪ: ಆ ಚೀಟಿ ಅಂಟಿಸಿದ್ದು ನಾನು. ಅವತ್ತೇ ಬೆಳಗ್ಗೆ. ಯಾವ ಬದಿ ಅಂತ ನೋಡ್ಲಿಲ್ಲ.

ಸೀತತ್ತೆ ಏನೂ ಅನ್ನಲಿಲ್ಲ. ನಾನು ಹೆದರಿದ್ದು ಅವರು ಏನಾದರೂ ಅನ್ನುತ್ತಾರೆ ಅಂತಲೇ. ಸ್ವಲ್ಪ ಹೊತ್ತಿಗೆ ಅವರ ಸಂದೇಶ ಬಂತು: "ಅಮ್ಮ ಅದರಲ್ಲಿ ಇನ್ನೂ ಇದ್ದಾರಾ ಸುಧಿ?"

ಸುಧಿ: ಇರಬಹುದು ಅತ್ತೆ. ಹಾಕಿ ನೋಡಿದ್ರೆ ಗೊತ್ತಾಗುತ್ತೆ. ಆದ್ರೆ ಈಗಲೇ ಯಾರೂ ಪ್ಲೇಯರ್‌ಗೆ ತುರುಕಬೇಡಿ. ಇಷ್ಟು ವರ್ಷ ಸುತ್ತಿಟ್ಟ ಟೇಪು ಒಂದಕ್ಕೊಂದು ಅಂಟಿಕೊಂಡಿರಬಹುದು, ಯಂತ್ರ ಎಳೆದ್ರೆ ಹರಿಯುತ್ತೆ. ಕೆಳಗಿನ ಅಂಚಿನ ಮಧ್ಯದಲ್ಲಿ ಒಂದು ಪುಟ್ಟ ಮೆತ್ತೆ ಇರುತ್ತೆ, ಟೇಪನ್ನ ಹೆಡ್ಡಿಗೆ ಒತ್ತೋದು. ಅದರ ಅಂಟು ಒಣಗಿ ಉದುರಿದೆಯಾ ನೋಡಬೇಕು. ಮೊದಲು ಕೈಯಲ್ಲೇ ನಿಧಾನವಾಗಿ ಈ ತುದಿಯಿಂದ ಆ ತುದಿಗೆ ಸುತ್ತಿ, ಮತ್ತೆ ವಾಪಸ್ ಸುತ್ತಬೇಕು. ಹಾಡಿದ ಕೂಡಲೇ ಕಂಪ್ಯೂಟರ್‌ಗೆ ಇಳಿಸ್ಕೊಳ್ಳೋಣ. ಎರಡನೇ ಸಲ ಹಾಡುತ್ತೆ ಅಂತ ನಂಬೋಕಾಗಲ್ಲ.

ದೊಡ್ಡಪ್ಪ: ಪೆನ್ಸಿಲ್ ಇದೆ. ಸುತ್ತಲಾ?

ಅಷ್ಟು ಹೊತ್ತಿಗೆ ತೆರೆಯ ಮೇಲೆ ಕಿಟ್ಟಿ ಬರೆಯುತ್ತಿದ್ದಾನೆ ಅಂತ ಕಾಣಿಸಿತು. ನಿಂತಿತು. ಮತ್ತೆ ಕಾಣಿಸಿತು. ಗುಂಪಿನಲ್ಲಿ ಅವನ ಮೊದಲ ಸಂದೇಶ ಬಂದದ್ದು 11.26ಕ್ಕೆ.

ಕಿಟ್ಟಿ: ದೊಡ್ಮಾವ, ಈಗ ಸುತ್ತಬೇಡಿ. ನಿಮ್ಮ ಕೈ ನಡುಗುತ್ತೆ ಅಂತ ಅಮ್ಮ ಹೇಳ್ತಿರ್ತಾರೆ. ನಾನು ಹೊರಟಿದ್ದೀನಿ, ಮಧ್ಯಾಹ್ನದೊಳಗೆ ಬರ್ತೀನಿ.

ದೊಡ್ಡಪ್ಪ: ಬಾ.