ತಂಗಿಗೆ ಡಿ.ಬಿ.ಟಿ. ಸೂಚಿಸಿದ್ದಾರೆ: ತಿಳಿದವರು ವಿವರಿಸುವಿರಾ?

ಮಂಡ್ಯದ ಅಕ್ಕ:
ಮೈಸೂರಿನಲ್ಲಿ ಓದುತ್ತಿರುವ ನನ್ನ ತಂಗಿಗೆ ಬಾರ್ಡರ್‌ಲೈನ್ ಪರ್ಸನಾಲಿಟಿ ಡಿಸಾರ್ಡರ್ (ಭಾವನೆಗಳೂ ಸಂಬಂಧಗಳೂ ಹಿಡಿತಕ್ಕೆ ಸಿಗದೆ ಏರುಪೇರಾಗುವ ಮಾನಸಿಕ ತೊಂದರೆ) ಇದೆಯೆಂದು ಮನೋವೈದ್ಯರು ಹೇಳಿ, ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ (ಡಿ.ಬಿ.ಟಿ.) ಎಂಬ ಮಾತಿನ ಚಿಕಿತ್ಸೆಗೆ ಸೇರಿಸಲು ಸೂಚಿಸಿದ್ದಾರೆ. ಸಣ್ಣ ಮಾತಿಗೂ ಅವಳು ಕುದಿದುಹೋಗುತ್ತಾಳೆ; ತನ್ನ ಕೈಗೆ ತಾನೇ ಗಾಯ ಮಾಡಿಕೊಂಡದ್ದೂ ಇದೆ. ಮನಸ್ಸು ಗಟ್ಟಿ ಮಾಡಿಕೊಂಡರೆ ಸಾಕು ಎನ್ನುತ್ತಾರೆ ನಮ್ಮ ತಂದೆ. ಸಾಮಾನ್ಯ ಕೌನ್ಸೆಲಿಂಗ್‌ಗೂ ಇದಕ್ಕೂ ಏನು ವ್ಯತ್ಯಾಸ? ಮಾತ್ರೆಗಳನ್ನು ನಿಲ್ಲಿಸಬೇಕಾಗುತ್ತದೆಯೇ?

ಆಪ್ತಸಮಾಲೋಚಕಿ, ಮೈಸೂರು:
ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಮಾರ್ಷಾ ಲೈನ್‌ಹಾನ್ ಅವರು, ಪದೇ ಪದೇ ಸಾವಿನ ಯೋಚನೆಗೆ ಜಾರುವವರಿಗಾಗಿ ಈ ಪದ್ಧತಿಯನ್ನು ರೂಪಿಸಿ, 1991ರಲ್ಲಿ ಇದರ ಮೊದಲ ನಿಯಂತ್ರಿತ ಅಧ್ಯಯನವನ್ನು ಪ್ರಕಟಿಸಿದರು. ಬರೀ ‘ಬದಲಾಗು’ ಎಂದರೆ ನೊಂದವರಿಗೆ ತಮ್ಮ ನೋವನ್ನೇ ತಳ್ಳಿಹಾಕಿದಂತಾಗುತ್ತದೆ. ಬರೀ ‘ನಿನ್ನ ಕಷ್ಟ ಅರ್ಥವಾಗುತ್ತದೆ’ ಎಂದರೆ ಬದುಕು ಇದ್ದಲ್ಲೇ ಉಳಿಯುತ್ತದೆ. ಎರಡನ್ನೂ ಒಟ್ಟಿಗೆ ನಡೆಸುವುದೇ ಇದರ ತಿರುಳು. ಮನಸ್ಸು ಗಟ್ಟಿ ಮಾಡಿಕೊಳ್ಳುವುದು ಹೇಗೆಂಬುದನ್ನೇ ಇಲ್ಲಿ ಹಂತಹಂತವಾಗಿ ಕಲಿಸುತ್ತಾರೆಂದು ನಿಮ್ಮ ತಂದೆಯವರಿಗೆ ತಿಳಿಸಿ.

ಪೂರ್ಣ ರೂಪದಲ್ಲಿ ಇದು ಸುಮಾರು ಒಂದು ವರ್ಷದ ಚಿಕಿತ್ಸೆ. ವಾರಕ್ಕೊಮ್ಮೆ ಚಿಕಿತ್ಸಕರ ಭೇಟಿ, ವಾರಕ್ಕೊಮ್ಮೆ ಗುಂಪಿನಲ್ಲಿ ಕೌಶಲಗಳ ತರಗತಿ, ನಡುವೆ ಬಿಕ್ಕಟ್ಟು ಬಂದರೆ ಫೋನ್ ಮೂಲಕ ಮಾರ್ಗದರ್ಶನ ಇರುತ್ತದೆ. ಈ ಕ್ಷಣವನ್ನು ಎಚ್ಚರದಿಂದ ಗಮನಿಸುವುದು, ಸಂಕಟವನ್ನು ಹೆಚ್ಚಿಸಿಕೊಳ್ಳದೆ ದಾಟುವುದು, ಭಾವನೆಗಳನ್ನು ಹದದಲ್ಲಿಡುವುದು, ಸಂಬಂಧ ಕೆಡದಂತೆ ತನಗೆ ಬೇಕಾದುದನ್ನು ಕೇಳುವುದು ಆ ಕೌಶಲಗಳು.

ನನಗೆ ಬಹಳ ಮುಖ್ಯವೆನಿಸುವುದು ಗಾಯ ಮಾಡಿಕೊಂಡ ದಿನವನ್ನು ಬೈಯದೆ ಬಿಡಿಸಿ ನೋಡುವ ಕ್ರಮ. ಹಿಂದಿನ ರಾತ್ರಿ ನಿದ್ದೆಯಿಲ್ಲ, ಬೆಳಿಗ್ಗೆ ತಿಂಡಿಯಿಲ್ಲ, ಗೆಳತಿ ಫೋನ್ ಎತ್ತಲಿಲ್ಲ, ನಾನು ಯಾರಿಗೂ ಬೇಡವೆಂಬ ಯೋಚನೆ ಬಂತು, ಎದೆ ಬಡಿದುಕೊಂಡಿತು, ಆಮೇಲೆ ಬ್ಲೇಡು. ಈ ಸರಪಳಿಯ ಯಾವ ಕೊಂಡಿಯನ್ನು ಕಳಚಬಹುದಿತ್ತೆಂದು ಇಬ್ಬರೂ ಕೂಡಿ ಹುಡುಕುತ್ತಾರೆ.

ಕುವೆಂಪುನಗರದ ತಾಯಿ:
ನನ್ನ ಮಗಳು ಈ ಚಿಕಿತ್ಸೆ ಪಡೆದಿದ್ದಾಳೆ. ಪ್ರತಿ ರಾತ್ರಿ ಒಂದು ಕಾರ್ಡಿನಲ್ಲಿ ಕೋಪ, ದುಃಖ, ನಾಚಿಕೆಗಳಿಗೆ ಸೊನ್ನೆಯಿಂದ ಐದರವರೆಗೆ ಅಂಕ ಕೊಟ್ಟು, ಅಂದು ಯಾವ ಕೌಶಲ ಬಳಸಿದಳೆಂದು ಗುರುತು ಹಾಕುತ್ತಿದ್ದಳು. ಸಂಕಟ ಉಕ್ಕಿದಾಗ ಉಸಿರು ಬಿಗಿಹಿಡಿದು ತಣ್ಣೀರಿನ ಬೇಸಿನ್‌ನಲ್ಲಿ ಸ್ವಲ್ಪ ಹೊತ್ತು ಮುಖ ಮುಳುಗಿಸುತ್ತಿದ್ದಳು. ಅದರಿಂದ ಎದೆಬಡಿತ ಇಳಿಯುತ್ತದೆ. ಹೃದಯದ ತೊಂದರೆಯಿರುವವರು ವೈದ್ಯರನ್ನು ಕೇಳದೆ ಹೀಗೆ ಮಾಡಬಾರದು. ಅಕ್ಕನಾಗಿ ನೀವು ‘ಅಷ್ಟಕ್ಕೆಲ್ಲ ಅಳುತ್ತಾರಾ’ ಎನ್ನುವ ಬದಲು, ‘ತುಂಬ ಬೇಜಾರಾಗಿದೆ ಅಲ್ವಾ, ಬಾ ಕೂತ್ಕೋ’ ಎಂದು ನೋಡಿ.

ಆಪ್ತಸಮಾಲೋಚಕಿ, ಮೈಸೂರು:
ಮಾತ್ರೆಗಳನ್ನು ನೀವಾಗಿ ನಿಲ್ಲಿಸಬೇಡಿ. ಆ ತೀರ್ಮಾನ ಮನೋವೈದ್ಯರದು. ಹದಿಹರೆಯದವರು ತಮಗೆ ತಾವೇ ಗಾಯ ಮಾಡಿಕೊಳ್ಳುವುದು, ಮಾದಕ ವ್ಯಸನ, ಮಿತಿಮೀರಿ ತಿನ್ನುವ ತೊಂದರೆ ಮುಂತಾದವುಗಳಿಗೂ ಈ ಪದ್ಧತಿಯನ್ನು ಹೊಂದಿಸಿ ಬಳಸುತ್ತಾರೆ. ಸೇರಿಸುವ ಮುನ್ನ, ಗುಂಪಿನ ತರಗತಿಯೂ ಫೋನ್ ನೆರವೂ ಇವೆಯೇ ಎಂದು ಚಿಕಿತ್ಸಕರನ್ನು ಕೇಳಿ. ಅವಳು ಸಾಯುವ ಮಾತಾಡಿದರೆ ಒಂಟಿಯಾಗಿ ಬಿಡದೆ ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಿರಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.